ಜೆನೆಟ್ ರ‍್ಯಾಂಕಿನ್ ಬದುಕನ್ನು ಬರೆಯುವುದು ಹೇಗೆ: ನೂರು ವರ್ಷ ಹಿಂದಿನ ಅಮೆರಿಕದ ಸಂಸದೆಯ ದಾಖಲೆ ಹುಡುಕುವ ದಾರಿ

ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಮಹಿಳೆ ಜೆನೆಟ್ ರ‍್ಯಾಂಕಿನ್. ಅವರ ಕಿರುಪರಿಚಯಗಳು ಬಹುಪಾಲು ಎರಡು ವಾಕ್ಯದಲ್ಲಿ ಮುಗಿಯುತ್ತವೆ: 1916ರಲ್ಲಿ ಗೆದ್ದರು, ಎರಡೂ ಮಹಾಯುದ್ಧಗಳಿಗೆ ಅಮೆರಿಕ ಇಳಿಯುವುದರ ವಿರುದ್ಧ ಮತ ಹಾಕಿದರು. ಎರಡೂ ನಿಜ. ಇಷ್ಟನ್ನೇ ಹಿಗ್ಗಿಸಿ ನಾಲ್ಕು ಪುಟ ಮಾಡಲು ಹೊರಟಾಗ ತಪ್ಪುಗಳು ನುಸುಳುತ್ತವೆ. 1917ರಲ್ಲಿ ಅವರೊಬ್ಬರೇ ‘ಬೇಡ’ ಎಂದರು ಎನ್ನುವುದು ಒಂದು. ಅವರ ಜೊತೆ ಇನ್ನೂ 49 ಮಂದಿ ಇದ್ದರು. ಮಹಿಳೆಯರಿಗೆ ಮತದ ಹಕ್ಕು ಕೊಟ್ಟ 19ನೇ ತಿದ್ದುಪಡಿ ಅಂಗೀಕಾರವಾದಾಗ ಅವರು ಸದನದಲ್ಲಿದ್ದರು ಎನ್ನುವುದು ಇನ್ನೊಂದು. ಅಷ್ಟರಲ್ಲಿ ಅವರ ಅವಧಿಯೇ ಮುಗಿದಿತ್ತು. ಬಂದ ಪ್ರತಿ ಯುದ್ಧ ಘೋಷಣೆಯನ್ನೂ ವಿರೋಧಿಸಿದರು ಎನ್ನುವುದು ಮೂರನೆಯದು. ಓದುಗರು ಸುಲಭವಾಗಿ ನಂಬುವುದು ಇದನ್ನೇ. ಆದರೆ ಒಂದು ಘೋಷಣೆಗೆ ಅವರು ಪರವಾಗಿಯೇ ಮತ ಹಾಕಿದ್ದರು, ಅದು ಮುಂದೆ ಬರುತ್ತದೆ.

ಈ ಮೂರೂ ತಪ್ಪುಗಳಿಗೆ ಕಾರಣ ಒಂದೇ: ಕಥೆಯನ್ನು ಮೊದಲು ಹಿಡಿದು ದಾಖಲೆಯನ್ನು ಆಮೇಲೆ ನೋಡುವುದು. ಶಾಸಕರ ಬದುಕು ಬರೆಯುವಾಗ ಕ್ರಮ ತಿರುವುಮುರುವು ಇರಬೇಕು. ಅವಧಿ, ಚುನಾವಣೆ, ಮತ, ಮಸೂದೆ ಇವನ್ನು ಮೊದಲು ದಿನಾಂಕ ಸಮೇತ ಕಟ್ಟಿಕೊಳ್ಳಿ. ಬಾಲ್ಯ, ಸ್ವಭಾವ, ಮಾತುಗಾರಿಕೆ, ಸ್ನೇಹ ಎಲ್ಲ ಆಮೇಲೆ. ಇಲ್ಲಿ ರ‍್ಯಾಂಕಿನ್ ಅವರನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದೇವೆ. ಅದೇ ಕಾಲದ ಬೇರೆ ಸದಸ್ಯರಿಗೂ ದಾರಿ ಇದೇ. ಬಹುತೇಕ ಎಲ್ಲ ಮೂಲ ದಾಖಲೆಗಳೂ ಮನೆಯಲ್ಲೇ ಕೂತು, ದುಡ್ಡು ಕೊಡದೆ ಅಂತರ್ಜಾಲದಲ್ಲಿ ನೋಡಬಹುದಾದಂಥವು.

ಮೊದಲು ಬೇಕಾದದ್ದು ಐದು ಅಂಕಣದ ಒಂದು ಕೋಷ್ಟಕ: ದಿನಾಂಕ, ಘಟನೆ, ಸಿಕ್ಕ ಮೂಲ, ಆ ಮೂಲ ಬರೆದ ಕಾಲ, ಅದಕ್ಕೆ ವಿರುದ್ಧ ಹೇಳುವ ಇನ್ನೊಂದು ಮೂಲ. ನಾಲ್ಕನೆಯ ಅಂಕಣವನ್ನು ಬಿಡಬೇಡಿ. 1917ರ ಘಟನೆಯನ್ನು 1917ರಲ್ಲೇ ಬರೆದವರು ಹೇಳುವುದಕ್ಕೂ 1972ರಲ್ಲಿ ನೆನಪಿಸಿಕೊಂಡು ಹೇಳುವುದಕ್ಕೂ ಇರುವ ದೂರ ಅಲ್ಲಿ ಕಣ್ಣಿಗೆ ಕಾಣುತ್ತದೆ.

ಅವಧಿಯ ಲೆಕ್ಕ

ಅಮೆರಿಕದ ಸಂಸತ್ತಿಗೆ ಎರಡು ವರ್ಷಕ್ಕೊಂದು ಸಂಖ್ಯೆ. ಎಲ್ಲ ದಾಖಲೆಗಳೂ ಆ ಸಂಖ್ಯೆಯಡಿಯಲ್ಲೇ ಜೋಡಣೆಯಾಗಿರುವುದರಿಂದ ಇದು ಗೊತ್ತಿಲ್ಲದೆ ಹುಡುಕಲು ಹೋದರೆ ದಿಕ್ಕು ತಪ್ಪುತ್ತದೆ. ಲೆಕ್ಕ ಸುಲಭ. ಅವಧಿ ಶುರುವಾಗುವ ಬೆಸ ವರ್ಷದಿಂದ 1787 ಕಳೆದು ಎರಡರಿಂದ ಭಾಗಿಸಿ. 1917 ಆದರೆ 130, ಅದರ ಅರ್ಧ 65. 1941 ಆದರೆ 154, ಅದರ ಅರ್ಧ 77. ರ‍್ಯಾಂಕಿನ್ ಇದ್ದದ್ದು ಈ ಎರಡರಲ್ಲೇ, 65ನೆಯದು ಮತ್ತು 77ನೆಯದು. ನಡುವೆ ಇಪ್ಪತ್ತೆರಡು ವರ್ಷದ ಅಂತರ.

ಇಲ್ಲಿ ಎಡವುವ ಜಾಗ ಒಂದಿದೆ. ಇಂದು ಅವಧಿ ಶುರುವಾಗುವುದು ಜನವರಿ 3ಕ್ಕೆ. 1933ರಲ್ಲಿ 20ನೇ ತಿದ್ದುಪಡಿ ಬರುವವರೆಗೆ ಅದು ಮಾರ್ಚ್ 4ಕ್ಕೆ ಶುರುವಾಗುತ್ತಿತ್ತು, ಮತ್ತು ಮಾಮೂಲಿ ಅಧಿವೇಶನ ಸೇರುತ್ತಿದ್ದುದು ಡಿಸೆಂಬರ್‌ನಲ್ಲಿ. ಅಂದರೆ ನವೆಂಬರ್‌ನಲ್ಲಿ ಗೆದ್ದವರು ಸದನದಲ್ಲಿ ಕೂರಲು ಹದಿಮೂರು ತಿಂಗಳು ಕಾಯಬೇಕಾಗುತ್ತಿತ್ತು. ರ‍್ಯಾಂಕಿನ್ 1916ರ ನವೆಂಬರ್ 7ರಂದು ಆಯ್ಕೆಯಾದರು. ಅವಧಿ 1917ರ ಮಾರ್ಚ್ 4ಕ್ಕೆ ಶುರುವಾಯಿತು. ಅಧ್ಯಕ್ಷ ವುಡ್ರೊ ವಿಲ್ಸನ್ ವಿಶೇಷ ಅಧಿವೇಶನ ಕರೆದದ್ದರಿಂದ ಏಪ್ರಿಲ್ 2ರಂದೇ ಅವರು ಸದನ ಪ್ರವೇಶಿಸಿದರು. ಅದೇ ಸಂಜೆ ವಿಲ್ಸನ್ ಜರ್ಮನಿಯ ಮೇಲೆ ಯುದ್ಧ ಸಾರಲು ಒಪ್ಪಿಗೆ ಕೇಳಿದರು. ‘ಸಂಸದೆಯಾದದ್ದು 1916ರಲ್ಲಿ’ ಎಂದು ಬರೆದರೆ ಈ ಬಿಗಿಯೆಲ್ಲ ಕೈಬಿಟ್ಟುಹೋಗುತ್ತದೆ. ಆಯ್ಕೆ, ಅವಧಿಯ ಆರಂಭ, ಪ್ರಮಾಣ: ಮೂರಕ್ಕೂ ಕೋಷ್ಟಕದಲ್ಲಿ ಬೇರೆ ಬೇರೆ ಸಾಲು ಕೊಡಿ.

ಅಡಿಪಾಯದ ವಿವರಗಳಿಗೆ ಅಮೆರಿಕ ಸಂಸತ್ತೇ ಇಟ್ಟಿರುವ ಸದಸ್ಯರ ಜೀವನವಿವರ ಕೋಶ ಸಾಕು. 1774ರಿಂದ ಈಚಿನ ಪ್ರತಿ ಸದಸ್ಯರಿಗೂ ಅಲ್ಲಿ ಒಂದು ನಮೂದಿದೆ. ಮನೆತನದ ಹೆಸರಿನ ಮೊದಲಕ್ಷರ ಮತ್ತು ಆರು ಅಂಕಿಯ ಗುರುತು ಸಂಖ್ಯೆಯೂ ಇದೆ. ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಒಂದೇ ಹೆಸರಿನ ಇಬ್ಬರು ಸದಸ್ಯರು ಇರುವುದು ಅಪರೂಪವಲ್ಲ. ಆಗ ಕೈಹಿಡಿಯುವುದು ಇದೇ. ನಮೂದಿನ ಕೊನೆಯಲ್ಲಿ ಆ ಸದಸ್ಯರ ಕಾಗದಪತ್ರಗಳು ಯಾವ ಗ್ರಂಥಾಲಯದಲ್ಲಿವೆ ಎಂಬ ಸೂಚನೆಯೂ ಸಿಗುತ್ತದೆ. ಆದರೆ ಅದು ನಮೂದು ಅಷ್ಟೇ: ಯಾಕೆ ಸೋತರು, ಯಾರು ಎದುರಾಳಿ ಎಂಬುದಕ್ಕೆ ಅಲ್ಲಿ ಜಾಗವಿಲ್ಲ.

ಕನ್ನಡದ ಪದಗಳಲ್ಲಿ ಆಗುವ ಗೊಂದಲ

ಬರವಣಿಗೆ ಶುರುಮಾಡುವ ಮುನ್ನವೇ ಪದಗಳನ್ನು ನಿರ್ಧರಿಸಿಕೊಳ್ಳಿ. ಕನ್ನಡ ಓದುಗರಿಗೆ ‘ಕಾಂಗ್ರೆಸ್’ ಎಂದರೆ ಪಕ್ಷ. ‘ರ‍್ಯಾಂಕಿನ್ ಕಾಂಗ್ರೆಸ್ ಸದಸ್ಯೆಯಾಗಿದ್ದರು’ ಎಂದು ಬರೆದ ಮುಂದಿನ ಸಾಲಲ್ಲೇ ‘ರಿಪಬ್ಲಿಕನ್ ಪಕ್ಷದವರು’ ಎಂದರೆ ಓದುವವರು ತಡವರಿಸುತ್ತಾರೆ. ಒಮ್ಮೆ ‘ಅಮೆರಿಕದ ಸಂಸತ್ತಾದ ಕಾಂಗ್ರೆಸ್’ ಎಂದು ಹೇಳಿ, ಮುಂದೆ ಸಂಸತ್ತು ಎಂದೇ ಕರೆಯಿರಿ. ಕೆಳಮನೆಗೆ ಪ್ರತಿನಿಧಿ ಸಭೆ, ಮೇಲ್ಮನೆಗೆ ಸೆನೆಟ್. ಮಂಡನೆಯಾದದ್ದು ಮಸೂದೆ, ಎರಡೂ ಮನೆ ದಾಟಿ ಅಧ್ಯಕ್ಷರ ಅಂಕಿತ ಬಿದ್ದ ಮೇಲೆ ಕಾಯ್ದೆ, ಯುದ್ಧ ಘೋಷಣೆ ಮತ್ತು ಸಂವಿಧಾನ ತಿದ್ದುಪಡಿಗಳು ಜಂಟಿ ನಿರ್ಣಯದ ರೂಪದಲ್ಲಿ ಬರುತ್ತವೆ.

‘ಪ್ರೈಮರಿ’ ಎಂಬುದನ್ನು ಬಿಡಿಸಿ ಹೇಳಲೇಬೇಕು. ನಮ್ಮಲ್ಲಿ ಟಿಕೆಟ್ ಕೊಡುವುದು ಪಕ್ಷದ ವರಿಷ್ಠರು. ರ‍್ಯಾಂಕಿನ್ ಅವರ ಮೊಂಟಾನಾ ರಾಜ್ಯದಲ್ಲಿ ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಒಂದು ಚುನಾವಣೆ ನಡೆಸಿ ಆರಿಸುತ್ತಿದ್ದರು. ಅವರು 1918ರಲ್ಲಿ ಎಡವಿದ್ದೂ 1940ರಲ್ಲಿ ಮೇಲೆದ್ದದ್ದೂ ಪ್ರೈಮರಿಯಲ್ಲೇ ಆದ್ದರಿಂದ ಇದು ತಿಳಿಯದೆ ಕಥೆ ಅರ್ಥವಾಗುವುದಿಲ್ಲ. ಇನ್ನೊಂದು: ಪಕ್ಷದ ನಿಲುವಿಗೆ ವಿರುದ್ಧ ಮತ ಹಾಕಿದರೆ ಅಲ್ಲಿ ಸದಸ್ಯತ್ವ ಹೋಗುವುದಿಲ್ಲ. ನಮ್ಮ ಪಕ್ಷಾಂತರ ನಿಷೇಧ ಕಾಯ್ದೆಯಂಥದ್ದು ಅಲ್ಲಿಲ್ಲ. 1941ರಲ್ಲಿ ಜಪಾನ್ ವಿರುದ್ಧದ ಯುದ್ಧಕ್ಕೆ 388 ಮಂದಿ ಒಂದು ಕಡೆ ನಿಂತಾಗ ರ‍್ಯಾಂಕಿನ್ ಒಬ್ಬರೇ ಇನ್ನೊಂದು ಕಡೆ ನಿಂತದ್ದಕ್ಕೆ ತೆತ್ತ ಬೆಲೆ ಕಾನೂನಿನ ದಂಡವಲ್ಲ. ಮುಂದಿನ ಚುನಾವಣೆ, ಊರಿನವರ ಸಿಟ್ಟು, ಮನೆಯವರ ಮುನಿಸು.

ಹೆಸರಿನ ಕಾಗುಣಿತ ಹುಡುಕಾಟದಲ್ಲಿ ಬಹಳ ಕಾಡುತ್ತದೆ. ಇಂಗ್ಲಿಷ್‌ನಲ್ಲಿ ಜೆನೆಟ್ ಎಂಬುದಕ್ಕೆ ಎರಡು ಎನ್, ಎರಡು ಟಿ. ಆ ಕಾಲದ ಪತ್ರಿಕೆಗಳು ಒಂದೇ ಎನ್ ಹಾಕಿದ್ದು ಎಷ್ಟೋ ಸಲ. ಎರಡೂ ಬಗೆಯಲ್ಲಿ ಹುಡುಕಿ. ಕನ್ನಡದಲ್ಲಿ ನೀವು ಯಾವ ರೂಪ ಆರಿಸಿದರೂ ಲೇಖನದುದ್ದಕ್ಕೂ ಅದನ್ನೇ ಉಳಿಸಿಕೊಳ್ಳಿ.

ಹುಟ್ಟು, ಮನೆ, ಓದು

1880ರ ಜೂನ್ 11, ಮೊಂಟಾನಾದ ಮಿಸೂಲಾ ಊರಿನ ಹತ್ತಿರದ ರಾಂಚ್, ಅಂದರೆ ದನ ಸಾಕುವ ದೊಡ್ಡ ಜಮೀನು. ತಂದೆ ಜಾನ್ ರ‍್ಯಾಂಕಿನ್ ಕೆನಡಾದಿಂದ ಬಂದವರು, ತಾಯಿ ಆಲಿವ್ ಪಿಕರಿಂಗ್ ಶಾಲಾ ಶಿಕ್ಷಕಿಯಾಗಿದ್ದವರು. ಇವರ ಹಿರಿಯ ಮಗಳೇ ಜೆನೆಟ್. ಇಲ್ಲಿ ‘ಮೊಂಟಾನಾ ರಾಜ್ಯದಲ್ಲಿ ಹುಟ್ಟಿದರು’ ಎಂದು ಬರೆಯಬೇಡಿ. ಮೊಂಟಾನಾ ರಾಜ್ಯವಾದದ್ದು 1889ರ ನವೆಂಬರ್‌ನಲ್ಲಿ. ಅಲ್ಲಿಯವರೆಗೆ ಅದು ಕೇಂದ್ರದ ಆಡಳಿತದ ಪ್ರಾಂತ್ಯ.

ಕುಟುಂಬದ ವಿವರಕ್ಕೆ ಎಲ್ಲರೂ ಜನಗಣತಿಯ ಹಾಳೆಗಳಿಗೆ ಹೋಗುತ್ತಾರೆ. ಹೋಗಬೇಕಾದದ್ದೇ. ಆದರೆ ಇವರ ವಿಷಯದಲ್ಲಿ ಎರಡು ಗುಂಡಿಗಳಿವೆ. 1880ರ ಗಣತಿಗೆ ಗೊತ್ತುಮಾಡಿದ ದಿನ ಜೂನ್ 1. ಆ ದಿನದ ನಂತರ ಹುಟ್ಟಿದ ಕೂಸನ್ನು ಲೆಕ್ಕಕ್ಕೆ ಸೇರಿಸಬಾರದೆಂದು ಗಣತಿದಾರರಿಗೆ ಸೂಚನೆ ಇತ್ತು. ಹತ್ತೇ ದಿನದ ಅಂತರದಿಂದ ರ‍್ಯಾಂಕಿನ್ ಆ ಲೆಕ್ಕದ ಹೊರಗೆ. ಮುಂದಿನ 1890ರ ಗಣತಿಯ ಹಾಳೆಗಳು 1921ರಲ್ಲಿ ವಾಷಿಂಗ್ಟನ್‌ನಲ್ಲಿ ಬಿದ್ದ ಬೆಂಕಿಯಿಂದ ಬಹುಪಾಲು ಇಲ್ಲವಾದವು. ಹಾಗಾಗಿ ಅವರನ್ನು ಹುಡುಕಲು ಶುರುಮಾಡಬೇಕಾದದ್ದು 1900ರ ಗಣತಿಯಿಂದ. ಅದರಲ್ಲಿ ಹುಟ್ಟಿದ ತಿಂಗಳು ಮತ್ತು ವರ್ಷವನ್ನೂ ಬರೆಸಿಕೊಂಡಿರುವುದು ಅನುಕೂಲ. ಗಣತಿಯ ಹೆಸರು ಸಮೇತದ ಹಾಳೆಗಳು 72 ವರ್ಷದ ನಂತರ ಸಾರ್ವಜನಿಕವಾಗುತ್ತವೆ. 1950ರದ್ದು 2022ರ ಏಪ್ರಿಲ್‌ನಲ್ಲಿ ತೆರೆಯಿತು.

ಓದಿನ ವಿವರ ಚಿಕ್ಕದಾಗಿ ಸಾಕು: 1902ರಲ್ಲಿ ಮೊಂಟಾನಾ ವಿಶ್ವವಿದ್ಯಾಲಯದಿಂದ ಜೀವಶಾಸ್ತ್ರ ಪದವಿ, ಆಮೇಲೆ ನ್ಯೂಯಾರ್ಕ್‌ನಲ್ಲಿ ಸಮಾಜಕಾರ್ಯದ ತರಬೇತಿ, ವಾಷಿಂಗ್ಟನ್ ರಾಜ್ಯದಲ್ಲಿ ಮತದ ಹಕ್ಕಿನ ಚಳವಳಿ. ಆ ರಾಜ್ಯದ ಮಹಿಳೆಯರಿಗೆ 1910ರಲ್ಲಿ ಮತ ಸಿಕ್ಕಿತು. ವಾಷಿಂಗ್ಟನ್ ರಾಜ್ಯವೇ ಬೇರೆ, ರಾಜಧಾನಿ ವಾಷಿಂಗ್ಟನ್ನೇ ಬೇರೆ ಎಂಬುದನ್ನು ಓದುಗರಿಗೆ ಒಂದು ಮಾತಿನಲ್ಲಿ ನೆನಪಿಸಿ.

ಚುನಾವಣೆಗಳು

1914ರ ನವೆಂಬರ್ 3ರಂದು ಮೊಂಟಾನಾದ ಗಂಡಸರು ಜನಮತಗಣನೆಯಲ್ಲಿ ಮಹಿಳೆಯರಿಗೆ ಮತದ ಹಕ್ಕು ಕೊಟ್ಟರು. ಆ ಚಳವಳಿಗಾಗಿ ರ‍್ಯಾಂಕಿನ್ ರಾಜ್ಯವನ್ನೆಲ್ಲ ಸುತ್ತಿದ್ದರು. ಎರಡು ವರ್ಷದ ಮೇಲೆ ಅವರಿಗೇ ಮತ ಕೇಳುವಾಗ ಊರೂರಲ್ಲಿ ಪರಿಚಯವಿದ್ದದ್ದು ಹೀಗೆ. ಅವರ ತಮ್ಮ, ವಕೀಲ ವೆಲಿಂಗ್ಟನ್ ರ‍್ಯಾಂಕಿನ್ ಪ್ರಚಾರದ ಹೊಣೆ ಹೊತ್ತರು. ಇಲ್ಲಿ ಓದುಗರು ಕೇಳುವ ಪ್ರಶ್ನೆಯನ್ನು ಮೊದಲೇ ಊಹಿಸಿ: ದೇಶದ ಬಹುಪಾಲು ರಾಜ್ಯಗಳಲ್ಲಿ ಮಹಿಳೆಯರಿಗೆ ಮತವೇ ಇಲ್ಲದಾಗ ಮಹಿಳೆ ಚುನಾವಣೆಗೆ ನಿಂತದ್ದು ಹೇಗೆ? ಯಾರಿಗೆ ಮತದ ಹಕ್ಕು ಎಂಬುದನ್ನು ಆಗ ಆಯಾ ರಾಜ್ಯ ನಿರ್ಧರಿಸುತ್ತಿತ್ತು. ಸಂಸತ್ತಿಗೆ ನಿಲ್ಲಲು ಸಂವಿಧಾನ ಕೇಳುತ್ತಿದ್ದುದು ವಯಸ್ಸು, ಪೌರತ್ವ, ವಾಸ ಮಾತ್ರ.

1916ರಲ್ಲಿ ಮೊಂಟಾನಾಕ್ಕೆ ಪ್ರತಿನಿಧಿ ಸಭೆಯಲ್ಲಿ ಎರಡು ಸ್ಥಾನ, ಎರಡಕ್ಕೂ ಇಡೀ ರಾಜ್ಯವೇ ಕ್ಷೇತ್ರ. ಮತದಾರರು ಇಬ್ಬರನ್ನು ಆರಿಸಬೇಕು. ಹೆಚ್ಚು ಮತ ಪಡೆದ ಇಬ್ಬರು ಗೆದ್ದಂತೆ. ಡೆಮಾಕ್ರಟ್ ಜಾನ್ ಇವಾನ್ಸ್ ಮೊದಲು, ರಿಪಬ್ಲಿಕನ್ ರ‍್ಯಾಂಕಿನ್ ಎರಡನೆಯವರು. ಮೊದಲ ದಿನದ ಸುದ್ದಿಯಲ್ಲಿ ಅವರು ಸೋತರೆಂದೇ ಬಂದಿತ್ತು. ದೂರದ ಊರುಗಳ ಎಣಿಕೆ ಸೇರಿದ ಮೇಲೆ ಚಿತ್ರ ಬದಲಾಯಿತು. ಹಾಗಾಗಿ ಮತ ಎಣಿಕೆಗೆ ಚುನಾವಣೆಯ ಮರುದಿನದ ಪತ್ರಿಕೆಯನ್ನು ನಂಬಬೇಡಿ. ಪ್ರತಿನಿಧಿ ಸಭೆಯ ಕಾರ್ಯದರ್ಶಿ 1920ರಿಂದ ಈಚಿನ ಅಧಿಕೃತ ಫಲಿತಾಂಶ ಪ್ರಕಟಿಸಿದ್ದಾರೆ. ಅದಕ್ಕೂ ಹಿಂದಿನದಕ್ಕೆ ಆಯಾ ರಾಜ್ಯದ ಅಧಿಕೃತ ಎಣಿಕೆಯನ್ನೇ ನೋಡಬೇಕು.

1918ರಲ್ಲಿ ಅವರು ಅದೇ ಸ್ಥಾನಕ್ಕೆ ಯಾಕೆ ನಿಲ್ಲಲಿಲ್ಲ ಎಂಬುದಕ್ಕೆ ‘ಯುದ್ಧ ವಿರೋಧಿಸಿದ್ದಕ್ಕೆ ಜನ ತಿರಸ್ಕರಿಸಿದರು’ ಎಂಬ ಒಂದೇ ಕಾರಣ ಕೊಡುವುದು ಅರೆಸತ್ಯ. 1917ರಲ್ಲಿ ರಾಜ್ಯದ ಶಾಸನಸಭೆ ಮೊಂಟಾನಾವನ್ನು ಪೂರ್ವ, ಪಶ್ಚಿಮ ಎಂದು ಎರಡು ಕ್ಷೇತ್ರ ಮಾಡಿತು. ರ‍್ಯಾಂಕಿನ್ ಅವರ ಊರು ಬಿದ್ದದ್ದು ಡೆಮಾಕ್ರಟರು ಬಲವಾಗಿದ್ದ ಪಶ್ಚಿಮದಲ್ಲಿ. ಇಡೀ ರಾಜ್ಯದ ಮತ ಕೇಳಲು ಉಳಿದ ದಾರಿ ಸೆನೆಟ್ ಚುನಾವಣೆ. ರಿಪಬ್ಲಿಕನ್ ಪ್ರೈಮರಿಯಲ್ಲಿ ಆಸ್ಕರ್ ಲ್ಯಾನ್‌ಸ್ಟ್ರಮ್ ಎದುರು ಸೋತರು. ನ್ಯಾಷನಲ್ ಪಾರ್ಟಿ ಎಂಬ ಸಣ್ಣ ಪಕ್ಷದಿಂದ ನಿಂತು ಮೂರನೆಯವರಾದರು. ಗೆದ್ದವರು ಥಾಮಸ್ ವಾಲ್ಶ್. ಕ್ಷೇತ್ರದ ಗಡಿ ಬದಲಾದದ್ದನ್ನು ನೋಡದೆ ಯಾವ ಶಾಸಕರ ಸೋಲಿಗೂ ಕಾರಣ ಬರೆಯಬೇಡಿ.

ಮತದ ದಾಖಲೆ ಓದುವ ಬಗೆ

ಈ ಕೆಲಸದ ಜೀವಾಳ ಇಲ್ಲಿದೆ. ಸಮಯವಿದ್ದಷ್ಟನ್ನೂ ಇಲ್ಲಿಗೇ ಕೊಡಿ.

ಹೆಸರು ಕೂಗಿ ಮತ ಪಡೆದಾಗ ಪ್ರತಿ ಸದಸ್ಯರ ಮುಂದೆ ನಾಲ್ಕರಲ್ಲಿ ಒಂದು ಗುರುತು ಬೀಳುತ್ತದೆ: ಪರ, ವಿರುದ್ಧ, ‘ಹಾಜರ್’, ಮತ ಹಾಕಿಲ್ಲ. ‘ಹಾಜರ್’ ಎಂದರೆ ಸದನದಲ್ಲಿದ್ದೇನೆ, ಪರವೂ ಅಲ್ಲ ವಿರುದ್ಧವೂ ಅಲ್ಲ ಎಂದರ್ಥ. ಗೈರುಹಾಜರಿಗೂ ಇದಕ್ಕೂ ಅಜಗಜಾಂತರ. ಇವಲ್ಲದೆ ‘ಜೋಡಿ’ ಎಂಬ ಏರ್ಪಾಡಿತ್ತು. ಪರವಾಗಿರುವ ಒಬ್ಬರು, ವಿರುದ್ಧವಾಗಿರುವ ಒಬ್ಬರು ಮಾತಾಡಿಕೊಂಡು ಇಬ್ಬರೂ ಮತ ಹಾಕದೆ ಇರುವುದು. ಪಟ್ಟಿಯಲ್ಲಿ ‘ಮತ ಹಾಕಿಲ್ಲ’ ಎಂದು ಕಂಡ ಸದಸ್ಯರು ಜೋಡಿಯಾಗಿದ್ದರೆ ಅವರ ನಿಲುವು ಪಟ್ಟಿಯ ಕೆಳಗೆ ಸಿಗುತ್ತದೆ. ಅದನ್ನು ನೋಡದೆ ‘ತಪ್ಪಿಸಿಕೊಂಡರು’ ಎಂದು ಬರೆಯುವುದು ಅನ್ಯಾಯ.

ಮತಗಳನ್ನು ಎರಡು ಕಡೆ ನೋಡಬಹುದು. ಸಂಸತ್ತಿನ ನಡಾವಳಿ, ಅಂದರೆ ಕಾಂಗ್ರೆಷನಲ್ ರೆಕಾರ್ಡ್, 1873ರಿಂದ ಬರುತ್ತಿದೆ. ಅದರ ರಟ್ಟುಕಟ್ಟಿದ ಸಂಪುಟಗಳು ಅಮೆರಿಕ ಸರ್ಕಾರದ ಪ್ರಕಟಣೆಗಳ ತಾಣದಲ್ಲಿವೆ. 1917ರ ವಿಶೇಷ ಅಧಿವೇಶನ ಸಂಪುಟ 55ರಲ್ಲಿದೆ, ಆ ಡಿಸೆಂಬರ್‌ನಿಂದ ಶುರುವಾದ ಅಧಿವೇಶನ 56ರಲ್ಲಿ, 1941ರದ್ದು 87ರಲ್ಲಿ. ದಿನದಿನ ಅಚ್ಚಾದ ಆವೃತ್ತಿಯ ಪುಟಸಂಖ್ಯೆಯೇ ಬೇರೆ, ರಟ್ಟಿನ ಸಂಪುಟದ ಪುಟಸಂಖ್ಯೆಯೇ ಬೇರೆ. ಯಾವುದು ನೋಡಿದಿರೆಂದು ಬರೆದಿಟ್ಟುಕೊಳ್ಳದಿದ್ದರೆ ಆಮೇಲೆ ಮತ್ತೆ ಹುಡುಕುವುದು ಯಾತನೆ. ಎರಡನೆಯದು ವೋಟ್‌ವ್ಯೂ ಎಂಬ ತಾಣ; ಸದಸ್ಯರ ಹೆಸರು ಕೊಟ್ಟರೆ ಅವರು ಹಾಕಿದ ಎಲ್ಲ ಮತ ಒಟ್ಟಿಗೆ ಕಾಣುತ್ತವೆ. ಅಲ್ಲಿ ಹುಡುಕಿ, ನಡಾವಳಿಯಲ್ಲಿ ಖಚಿತಪಡಿಸಿಕೊಳ್ಳಿ.

ಈಗ ರ‍್ಯಾಂಕಿನ್ ಅವರ ಮತಗಳನ್ನೇ ಸಾಲಾಗಿ ನೋಡೋಣ.

ಜರ್ಮನಿಯ ವಿರುದ್ಧ ಯುದ್ಧ: 373 ಪರ, 50 ವಿರುದ್ಧ. ಚರ್ಚೆ ಏಪ್ರಿಲ್ 5ರಂದು ಶುರುವಾಗಿ ನಡುರಾತ್ರಿ ದಾಟಿ, ಮತ ಬಿದ್ದದ್ದು 6ರ ನಸುಕಿನಲ್ಲಿ. ಕಲಾಪ ಮಾತ್ರ 5ರದ್ದೇ ಮುಂದುವರಿದದ್ದು. ಆದ್ದರಿಂದ ನಡಾವಳಿಯಲ್ಲಿ 5ನೇ ತಾರೀಖಿನಡಿ ಹುಡುಕಿ, ಲೇಖನದಲ್ಲಿ 6 ಎಂದು ಬರೆಯಿರಿ. ದೇಶದ ಜೊತೆ ನಿಲ್ಲುವ ಮನಸ್ಸಿದೆ, ಆದರೆ ಯುದ್ಧಕ್ಕೆ ಮತ ಹಾಕಲಾರೆ ಎಂಬ ಅವರ ಮಾತು ಆಗ ಬಂದದ್ದು. ಹೆಸರು ಕೂಗುವಾಗ ಮಾತಾಡುವುದು ಸದನದ ವಾಡಿಕೆಗೆ ಹೊರತು. ಆ ಮಾತು ಅಷ್ಟು ಸದ್ದು ಮಾಡಿದ್ದಕ್ಕೆ ಇದೂ ಕಾರಣ.

ಆಸ್ಟ್ರಿಯಾ-ಹಂಗೇರಿಯ ವಿರುದ್ಧ ಯುದ್ಧ, 1917ರ ಡಿಸೆಂಬರ್ 7: 365 ಪರ, 1 ವಿರುದ್ಧ. ಆ ಒಬ್ಬರು ರ‍್ಯಾಂಕಿನ್ ಅಲ್ಲ, ನ್ಯೂಯಾರ್ಕ್‌ನ ಸಮಾಜವಾದಿ ಮೆಯರ್ ಲಂಡನ್. ರ‍್ಯಾಂಕಿನ್ ಪರವಾಗಿ ಮತ ಹಾಕಿದರು. ಯುದ್ಧ ಆಗಲೇ ನಡೆಯುತ್ತಿದೆ, ಇದು ಅದರ ತಾಂತ್ರಿಕ ಮುಂದುವರಿಕೆ ಎಂಬುದು ಅವರ ನಿಲುವಾಗಿತ್ತು. ಮೆಚ್ಚಿ ಬರೆಯುವವರು ಈ ಮತವನ್ನು ಬಿಟ್ಟುಬಿಡುತ್ತಾರೆ. ಬಿಡಬೇಡಿ. ಇದನ್ನು ಸೇರಿಸಿದಾಗಲೇ ಅವರು ಪ್ರತಿಮೆಯಾಗದೆ, ಪ್ರತಿ ಸಲ ಕೂತು ಯೋಚಿಸಿ ತೀರ್ಮಾನಿಸಿದ ಶಾಸಕಿಯಾಗಿ ಕಾಣುವುದು.

ಮಹಿಳೆಯರ ಮತದ ಹಕ್ಕಿನ ತಿದ್ದುಪಡಿ, 1918ರ ಜನವರಿ 10: 274 ಪರ, 136 ವಿರುದ್ಧ. ಸದನದಲ್ಲಿ ಚರ್ಚೆ ಆರಂಭಿಸಿದವರು ರ‍್ಯಾಂಕಿನ್. ಸಂವಿಧಾನ ತಿದ್ದುಪಡಿಗೆ ಮೂರನೇ ಎರಡು ಭಾಗ ಬೇಕು. ಕೂಡಿಸಿ ನೋಡಿ: ಒಟ್ಟು 410, ಅದರ ಮೂರನೇ ಎರಡು ಭಾಗ 273ಕ್ಕಿಂತ ತುಸು ಹೆಚ್ಚು. ಬೇಕಾದದ್ದು 274, ಬಿದ್ದದ್ದೂ 274. ಒಬ್ಬರು ಆಚೆ ಸರಿದಿದ್ದರೂ ಬೀಳುತ್ತಿತ್ತು. ಹೀಗೆ ಲೆಕ್ಕ ಬಿಡಿಸಿ ತೋರಿಸಿದರೆ ಓದುಗರಿಗೆ ಆ ದಿನದ ಉಸಿರುಗಟ್ಟುವಿಕೆ ತಟ್ಟುತ್ತದೆ, ವಿಶೇಷಣ ಬೇಕಾಗುವುದಿಲ್ಲ. ಅದೇ ಅಕ್ಟೋಬರ್ 1ರಂದು ಸೆನೆಟ್‌ನಲ್ಲಿ ಅದು ಬಿತ್ತು. ಕೊನೆಗೆ ಎರಡೂ ಮನೆ ದಾಟಿದ್ದು 1919ರ ಮೇ 21 ಮತ್ತು ಜೂನ್ 4ರಂದು, ಮುಂದಿನ ಸಂಸತ್ತಿನಲ್ಲಿ. ರ‍್ಯಾಂಕಿನ್ ಆಗ ಸದಸ್ಯೆಯಲ್ಲ.

ಜಪಾನ್ ವಿರುದ್ಧ ಯುದ್ಧ, 1941ರ ಡಿಸೆಂಬರ್ 8: 388 ಪರ, 1 ವಿರುದ್ಧ. ಈ ಸಲ ಆ ಒಬ್ಬರು ರ‍್ಯಾಂಕಿನ್. ಅವರು ಮಾತಾಡಲು ಎದ್ದರೂ ಸಭಾಧ್ಯಕ್ಷ ಸ್ಯಾಮ್ ರೇಬರ್ನ್ ಅವಕಾಶ ಕೊಡಲಿಲ್ಲ. ಆ ದಿನದ ನಡಾವಳಿಯಲ್ಲಿ ಅವರ ವಾದ ಹುಡುಕಿ ಸುಸ್ತಾಗುವವರಿಗೆ ಇದು ಗೊತ್ತಿರಬೇಕು. ಸರಿಯಾಗಿ ಒಂದು ವರ್ಷದ ನಂತರ, 1942ರ ಡಿಸೆಂಬರ್ 8ರಂದು, ಯುದ್ಧಕ್ಕೆ ಕಾರಣವಾದ ಪರ್ಲ್ ಹಾರ್ಬರ್ ಮೇಲಿನ ಜಪಾನ್ ದಾಳಿಯ ಬಗ್ಗೆ ತಮ್ಮ ಪ್ರಶ್ನೆಗಳನ್ನು ಅವರು ಲಿಖಿತವಾಗಿ ನಡಾವಳಿಗೆ ಸೇರಿಸಿದರು. ಮತದ ಬಳಿಕ ಜನ ಮುತ್ತಿಕೊಂಡಾಗ ಅವರು ದೂರವಾಣಿ ಗೂಡಿನೊಳಗೆ ಹೊಕ್ಕು, ಪೊಲೀಸರ ಕಾವಲಿನಲ್ಲಿ ಕಚೇರಿ ಸೇರಬೇಕಾಯಿತು. ಮೊಂಟಾನಾ ನೂರಕ್ಕೆ ನೂರು ನಿನ್ನ ವಿರುದ್ಧವಿದೆ ಎಂದು ತಮ್ಮ ವೆಲಿಂಗ್ಟನ್ ತಿಳಿಸಿದರು.

ಜರ್ಮನಿ, ಇಟಲಿ ವಿರುದ್ಧ ಯುದ್ಧ, ಅದೇ ಡಿಸೆಂಬರ್ 11: ಕ್ರಮವಾಗಿ 393–0, 399–0. ಎರಡರಲ್ಲೂ ರ‍್ಯಾಂಕಿನ್ ‘ಹಾಜರ್’. ವಿರೋಧಿಸಿದರು ಎಂದೂ ಬರೆಯುವಂತಿಲ್ಲ, ಒಪ್ಪಿದರು ಎಂದೂ ಬರೆಯುವಂತಿಲ್ಲ.

ನಡಾವಳಿಯ ಬಗ್ಗೆ ಇನ್ನೊಂದು ಎಚ್ಚರ. ಅದು ಆಡಿದ ಮಾತಿನ ಅಕ್ಷರಶಃ ಪ್ರತಿಯಲ್ಲ. ಸದಸ್ಯರು ತಮ್ಮ ಭಾಷಣವನ್ನು ಅಚ್ಚಿಗೆ ಮುನ್ನ ತಿದ್ದಬಹುದಿತ್ತು. ಸದನದಲ್ಲಿ ಆಡದೇ ಇದ್ದ ಮಾತನ್ನು ‘ವಿಸ್ತರಿಸಿದ ಹೇಳಿಕೆ’ ಎಂದು ಸೇರಿಸಬಹುದಿತ್ತು. ಅಂಥದ್ದನ್ನು ‘ಸದನದಲ್ಲಿ ಗುಡುಗಿದರು’ ಎಂದು ವರ್ಣಿಸಿದರೆ ಆಗದೇ ಇದ್ದದ್ದನ್ನು ಬರೆದಂತೆ.

ಮಸೂದೆಗಳ ಹಿಂದೆ ಹೋಗುವುದು

ಬಹುತೇಕ ಲೇಖನಗಳು ಸೊರಗುವುದು ಇಲ್ಲೇ. ರ‍್ಯಾಂಕಿನ್ 1917–19ರಲ್ಲಿ ಮಾಡಿದ ಶಾಸಕಾಂಗದ ಕೆಲಸ ಎರಡು ಯುದ್ಧಮತಗಳ ನೆರಳಲ್ಲಿ ಮರೆಯಾಗಿದೆ. ಅದನ್ನು ಹೊರತೆಗೆಯಲು ಮಸೂದೆಯ ಸಂಖ್ಯೆ ಬೇಕು. ಸಂಖ್ಯೆ ಪ್ರತಿ ಸಂಸತ್ತಿಗೂ ಒಂದರಿಂದ ಮತ್ತೆ ಶುರುವಾಗುತ್ತದೆ. ಹಾಗಾಗಿ ಸಂಸತ್ತಿನ ಕ್ರಮಾಂಕ ಇಲ್ಲದ ಮಸೂದೆ ಸಂಖ್ಯೆ ಉಪಯೋಗಕ್ಕೆ ಬಾರದು. ರಟ್ಟಿನ ನಡಾವಳಿಯ ಸೂಚಿ ಸಂಪುಟದಲ್ಲಿ ಸದಸ್ಯರ ಹೆಸರಿನಡಿ ಅವರು ಮಂಡಿಸಿದ ಮಸೂದೆಗಳೂ, ಸಂಖ್ಯೆಯ ಕ್ರಮದಲ್ಲಿ ಪ್ರತಿ ಮಸೂದೆ ಎಲ್ಲಿಯವರೆಗೆ ಹೋಯಿತೆಂಬ ವಿವರವೂ ಇವೆ. ಮೊದಲು ಸೂಚಿ, ಆಮೇಲೆ ಪುಟ.

ಹೆಚ್ಚಿನ ಮಸೂದೆಗಳು ಸಮಿತಿಯಲ್ಲೇ ಕೊನೆಯಾಗುತ್ತವೆ. ಸಂಸತ್ತಿನ ಅವಧಿ ಮುಗಿದ ಕೂಡಲೇ ಬಾಕಿ ಇದ್ದದ್ದೆಲ್ಲ ಬಿದ್ದುಹೋಗುತ್ತದೆ. ತಾಯಿ-ಮಗುವಿನ ಆರೋಗ್ಯಕ್ಕೆ ಕೇಂದ್ರದ ಹಣ ಕೊಡುವ ಮಸೂದೆಯನ್ನು ರ‍್ಯಾಂಕಿನ್ 1918ರಲ್ಲಿ ತಂದರು. ಅದು 1919ರ ಮಾರ್ಚ್‌ನಲ್ಲಿ ಅವಧಿಯ ಜೊತೆಗೇ ಬಿತ್ತು. ಅದೇ ವಿಚಾರ ಹೊಸ ಸಂಖ್ಯೆ, ಹೊಸ ಹೆಸರುಗಳೊಂದಿಗೆ ಬಂದು 1921ರ ನವೆಂಬರ್‌ನಲ್ಲಿ ಶೆಪರ್ಡ್–ಟೌನರ್ ಕಾಯ್ದೆಯಾಯಿತು. ‘ರ‍್ಯಾಂಕಿನ್ ಈ ಕಾಯ್ದೆ ಮಾಡಿದರು’ ಎನ್ನುವುದು ತಪ್ಪು. ‘ಇದಕ್ಕೂ ರ‍್ಯಾಂಕಿನ್‌ಗೂ ಸಂಬಂಧವಿಲ್ಲ’ ಎನ್ನುವುದು ಅದಕ್ಕಿಂತ ದೊಡ್ಡ ತಪ್ಪು. ಮದುವೆಯಾದ ಮಹಿಳೆಯ ಪೌರತ್ವದ ಕಥೆಯೂ ಹೀಗೇ. 1907ರ ಕಾಯ್ದೆಯಂತೆ ವಿದೇಶೀಯನನ್ನು ಮದುವೆಯಾದ ಅಮೆರಿಕದ ಹೆಣ್ಣು ತನ್ನ ಪೌರತ್ವ ಕಳೆದುಕೊಳ್ಳುತ್ತಿದ್ದಳು. ಇದನ್ನು ಬದಲಿಸಲು ರ‍್ಯಾಂಕಿನ್ ಮಸೂದೆ ತಂದರು. ಕಾಯ್ದೆಯಾಗಿ ಬದಲಾದದ್ದು 1922ರ ಕೇಬಲ್ ಕಾಯ್ದೆಯಲ್ಲಿ.

ಮಸೂದೆಯಾಗದ ಕೆಲಸವನ್ನೂ ಹುಡುಕಿ. ಕೇಂದ್ರದ ನೋಟು ಮುದ್ರಣಾಲಯದಲ್ಲಿ ಹೆಂಗಸರು ಮಿತಿಮೀರಿದ ಗಂಟೆ ದುಡಿಯುತ್ತಿದ್ದುದನ್ನು ಅವರು ಎತ್ತಿದ ಮೇಲೆ ಅಲ್ಲಿ ಎಂಟು ಗಂಟೆಯ ದಿನ ಮತ್ತೆ ಬಂತು. 1917ರ ಜೂನ್ 8ರಂದು ಮೊಂಟಾನಾದ ಬ್ಯೂಟ್‌ನಲ್ಲಿ ಸ್ಪೆಕ್ಯುಲೇಟರ್ ಗಣಿಗೆ ಬೆಂಕಿ ಬಿದ್ದು 168 ಮಂದಿ ಸತ್ತರು. ನಂತರದ ಮುಷ್ಕರದಲ್ಲಿ ರ‍್ಯಾಂಕಿನ್ ಗಣಿಗಾರರ ಪರ ನಿಂತು, ಅನಕೊಂಡ ತಾಮ್ರ ಕಂಪನಿಯ ಎದುರು ಮಾತಾಡಿದರು.

ಪತ್ರಿಕೆಗಳನ್ನು ನಂಬುವುದೆಷ್ಟು

ಈ ಕೊನೆಯ ಮಾತು ಪತ್ರಿಕೆಗಳನ್ನು ಓದುವಾಗ ಬಹಳ ಮುಖ್ಯ. ಮೊಂಟಾನಾದ ದೊಡ್ಡ ದಿನಪತ್ರಿಕೆಗಳಲ್ಲಿ ಹಲವು ಅನಕೊಂಡ ಕಂಪನಿಯ ಹಿಡಿತದಲ್ಲಿದ್ದವು. ಕಂಪನಿ ಅವನ್ನು ಮಾರಿದ್ದು 1959ರಲ್ಲಿ. ಗಣಿ ಮುಷ್ಕರದ ಬಗ್ಗೆ, ಅದರ ನಂತರದ ಅವರ ಚುನಾವಣೆಗಳ ಬಗ್ಗೆ ಆ ಪತ್ರಿಕೆಗಳು ಬರೆದದ್ದನ್ನು ಮಾಲೀಕರ ಹೆಸರು ಪಕ್ಕದಲ್ಲಿಟ್ಟುಕೊಂಡೇ ಓದಬೇಕು.

ಹಳೆಯ ಪತ್ರಿಕೆಗಳಿಗೆ ಅಮೆರಿಕ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕ ಸಂಗ್ರಹ ಉಚಿತ. ಅಚ್ಚು ಮಾಸಿದ ಪುಟಗಳನ್ನು ಯಂತ್ರ ತಪ್ಪಾಗಿ ಓದಿರುತ್ತದೆ. ಹೆಸರಿನ ‘ಐ’ ಅಕ್ಷರ ‘ಎಲ್’ ಆಗಿರುವುದು ಸಾಮಾನ್ಯ. ಪೂರ್ಣ ಹೆಸರು ಕೊಟ್ಟರೆ ಸಿಗದ್ದು ‘ಮಿಸ್ ರ‍್ಯಾಂಕಿನ್’ ಎಂದಾಗ ಸಿಗುತ್ತದೆ, ಪತ್ರಿಕೆಗಳು ಅವರನ್ನು ಕರೆಯುತ್ತಿದ್ದುದು ಹಾಗೆಯೇ. ಹೆಸರಿನಿಂದ ಏನೂ ಬಾರದಿದ್ದರೆ ದಿನಾಂಕ ಹಿಡಿದು ಪುಟ ತಿರುವಿ. 1917ರ ಯುದ್ಧಮತಕ್ಕೆ ಏಪ್ರಿಲ್ 6ರ ಸಂಜೆಯ ಪತ್ರಿಕೆ ಮತ್ತು 7ರ ಬೆಳಗಿನದು ಬೇಕು.

ಆಗ ಮುಂದೆ ಬರುವುದು ಅಳುವಿನ ಪ್ರಶ್ನೆ. ಮತ ಹಾಕುವಾಗ ಅವರು ಬಿಕ್ಕಿಬಿಕ್ಕಿ ಅತ್ತರೆಂದು ಹಲವು ಪತ್ರಿಕೆಗಳು ಬರೆದವು. ಅಳಲಿಲ್ಲವೆಂದು ಅಲ್ಲಿದ್ದ ಇತರರು ಹೇಳಿದರು. ಅತ್ತರೋ ಇಲ್ಲವೋ ನನ್ನ ಕಣ್ಣಲ್ಲೇ ನೀರಿತ್ತು, ಕಾಣಲಿಲ್ಲ ಎಂಬರ್ಥದ ಮಾತನ್ನು ಸಹಸದಸ್ಯ ಫಿಯರೆಲ್ಲೊ ಲಾ ಗಾರ್ಡಿಯಾ ಆಡಿದ್ದಾರೆ. ಯುದ್ಧದ ಪರ ಇದ್ದ ಗಂಡಸರೂ ಆ ರಾತ್ರಿ ಕಣ್ಣೊರೆಸಿಕೊಂಡಿದ್ದರು. ಹೆಣ್ಣಿನ ಕಣ್ಣೀರು ಮಾತ್ರ ಸುದ್ದಿಯಾಯಿತು. ಇಂಥ ಕಡೆ ಒಂದು ಪಕ್ಷ ಹಿಡಿದು ದೃಶ್ಯ ಕಟ್ಟುವ ಬದಲು ಯಾರು ಏನು ಹೇಳಿದರೆಂದು ಹೇಳುವುದೇ ಸರಿ.

‘ಮೊದಲಿಗರು’ ಎಂಬ ಪದ

ಈ ಪದ ಬಳಸುವಾಗ ಬೇಲಿ ಹಾಕಿ. ರ‍್ಯಾಂಕಿನ್ ಅಮೆರಿಕದ ಕೇಂದ್ರ ಸಂಸತ್ತಿಗೆ ಆಯ್ಕೆಯಾದ ಮೊದಲ ಮಹಿಳೆ. ಜಗತ್ತಿನ ಮೊದಲ ಸಂಸದೆಯಲ್ಲ: ಫಿನ್ಲೆಂಡ್‌ನಲ್ಲಿ 1907ರಲ್ಲೇ 19 ಮಹಿಳೆಯರು ಗೆದ್ದಿದ್ದರು. ಅಮೆರಿಕದ ಮೊದಲ ಶಾಸಕಿಯೂ ಅಲ್ಲ: ಕೊಲೊರಾಡೊ ರಾಜ್ಯದ ಸಭೆಗೆ 1894ರಲ್ಲೇ ಮೂವರು ಆಯ್ಕೆಯಾಗಿದ್ದರು. ಸೆನೆಟ್‌ನ ಮೊದಲ ಮಹಿಳೆ ಜಾರ್ಜಿಯಾದ ರೆಬೆಕಾ ಫೆಲ್ಟನ್, 1922ರಲ್ಲಿ, ಅದೂ ಒಂದೇ ದಿನ.

ಕಾಗದಪತ್ರ, ಚಿತ್ರ

ಸಂಸತ್ತಿನ ಸಮಿತಿಗಳ ಕಡತ, ಮನವಿಪತ್ರಗಳು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ ಇರುತ್ತವೆ. ಪ್ರತಿನಿಧಿ ಸಭೆಯವು 233ನೇ ದಾಖಲೆ ಗುಂಪು, ಸೆನೆಟ್‌ನವು 46. ಆದರೆ ಸದಸ್ಯರ ಸ್ವಂತ ಪತ್ರವ್ಯವಹಾರ ಅವರದೇ ಸ್ವತ್ತು. ಅದು ಪತ್ರಾಗಾರಕ್ಕೆ ಬರುವುದಿಲ್ಲ. ಪತ್ರಾಗಾರಕ್ಕೆ ಬರೆದು ತಿಂಗಳುಗಟ್ಟಲೆ ಕಾಯುವ ಮುನ್ನ ಇದು ತಿಳಿದಿರಲಿ. ರ‍್ಯಾಂಕಿನ್ ಅವರ ಪತ್ರಗಳು ಹಾರ್ವರ್ಡ್‌ನ ಶ್ಲೆಸಿಂಜರ್ ಗ್ರಂಥಾಲಯ ಮತ್ತು ಹೆಲೆನಾದ ಮೊಂಟಾನಾ ಇತಿಹಾಸ ಸಂಸ್ಥೆಯಲ್ಲಿವೆ. 1972ರಲ್ಲಿ, 92ರ ವಯಸ್ಸಿನ ಆಸುಪಾಸಿನಲ್ಲಿ, ಅವರೇ ಕೊಟ್ಟ ದೀರ್ಘ ಸಂದರ್ಶನದ ಲಿಪಿಪ್ರತಿ ಬರ್ಕ್ಲಿಯ ಬ್ಯಾಂಕ್ರಾಫ್ಟ್ ಗ್ರಂಥಾಲಯದಲ್ಲಿದೆ, ಓದಲು ಮುಕ್ತ. ಮಾತಿನ ಧಾಟಿ, ಸ್ವಭಾವ, ಸಿಟ್ಟು, ನಗೆ ತಿಳಿಯಲು ಅದಕ್ಕಿಂತ ಒಳ್ಳೆಯದಿಲ್ಲ. ದಿನಾಂಕ, ಸಂಖ್ಯೆಗೆ ಮಾತ್ರ ಅದನ್ನು ಒರೆಗೆ ಹಚ್ಚದೆ ಬಳಸಬೇಡಿ. ಅರ್ಧ ಶತಮಾನದ ಹಿಂದಿನದನ್ನು ಯಾರೇ ನೆನೆದರೂ ವರ್ಷಗಳು ಜಾರುತ್ತವೆ.

ಚಿತ್ರಕ್ಕೆ ಲೈಬ್ರರಿ ಆಫ್ ಕಾಂಗ್ರೆಸ್ ಸಂಗ್ರಹವೇ ಸಾಕು. ಪ್ರತಿ ಚಿತ್ರದ ಜೊತೆ ಹಕ್ಕಿನ ವಿವರದ ಸಾಲು ಇರುತ್ತದೆ. ‘ತಿಳಿದಂತೆ ನಿರ್ಬಂಧವಿಲ್ಲ’ ಎಂದಿರುವುದನ್ನು ಆರಿಸಿ. ಚಿತ್ರದ ಅಡಿಬರಹದ ವರ್ಷ ಆಮೇಲೆ ಯಾರೋ ಅಂದಾಜಿನಲ್ಲಿ ಹಾಕಿದ್ದಿರಬಹುದು, ಅದನ್ನು ಘಟನೆಯ ದಿನಾಂಕವೆಂದು ಹಿಡಿಯಬೇಡಿ. ಸಂಬಳದಂಥ ಮೊತ್ತವನ್ನು ಇಂದಿನ ರೂಪಾಯಿಗೆ ಪರಿವರ್ತಿಸುವ ಗೋಜಿಗೂ ಹೋಗಬೇಡಿ. 1917ರಲ್ಲಿ ಸದಸ್ಯರಿಗೆ ವರ್ಷಕ್ಕೆ 7,500 ಡಾಲರ್ ಎಂದರೆ ಸಾಕು.

ಭಾರತದ ಕಡೆಯ ಹುಡುಕಾಟ

ಸಂಸತ್ತು ಬಿಟ್ಟ ಮೇಲಿನ ಮೂವತ್ತು ವರ್ಷಕ್ಕೆ ಜಾಗ ಉಳಿಸಿಕೊಳ್ಳಿ. 1968ರ ಜನವರಿ 15ರಂದು ವಿಯೆಟ್ನಾಂ ಯುದ್ಧದ ವಿರುದ್ಧ ಸಾವಿರಾರು ಮಹಿಳೆಯರು ಅವರ ಹೆಸರಿನಲ್ಲೇ ವಾಷಿಂಗ್ಟನ್‌ನಲ್ಲಿ ಮೆರವಣಿಗೆ ಹೊರಟರು. 87 ವರ್ಷದ ರ‍್ಯಾಂಕಿನ್ ಮುಂದೆ ನಡೆದರು. 1973ರ ಮೇ 18ರಂದು ಕ್ಯಾಲಿಫೋರ್ನಿಯಾದ ಕಾರ್ಮೆಲ್‌ನಲ್ಲಿ ತೀರಿಕೊಂಡರು. ಈ ನಡುವೆ, 1946 ಮತ್ತು 1971ರ ಮಧ್ಯೆ, ಏಳು ಸಲ ಭಾರತಕ್ಕೆ ಬಂದಿದ್ದರು. ಗಾಂಧಿಯವರ ಅಹಿಂಸೆಯ ದಾರಿಯನ್ನು ಅರಿಯುವುದು ಅವರನ್ನು ಇಲ್ಲಿಗೆ ಎಳೆದ ಮುಖ್ಯ ಸೆಳೆತ.

ಅಮೆರಿಕದ ಬರಹಗಾರರು ಕೈಹಾಕುವುದು ಕಡಿಮೆ ಇರುವ ಜಾಗ ಇದು, ಇಲ್ಲಿರುವವರಿಗೆ ಹತ್ತಿರದ್ದು. ‘ಗಾಂಧಿಯನ್ನು ಭೇಟಿಯಾದರು’ ಎಂಬ ವಾಕ್ಯ ತಾನಾಗಿಯೇ ಪೆನ್ನಿನ ತುದಿಗೆ ಬರುತ್ತದೆ. ಸಾಕ್ಷಿ ಸಿಗುವವರೆಗೆ ಅದನ್ನು ಬರೆಯಬೇಡಿ. ಗಾಂಧಿಯವರ ಸಮಗ್ರ ಬರಹಗಳ ನೂರು ಸಂಪುಟಗಳು ಅಂತರ್ಜಾಲದಲ್ಲಿವೆ. 1946ರಿಂದ 1948ರ ಜನವರಿವರೆಗಿನ ಸಂಪುಟಗಳ ಸೂಚಿಯಲ್ಲಿ ಹೆಸರು ನೋಡಿ. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ ‘ಅಭಿಲೇಖ್ ಪಟಲ್’ ತಾಣದಲ್ಲಿ ವಿದೇಶಾಂಗ ಇಲಾಖೆಯ ಕಡತಗಳ ಶೀರ್ಷಿಕೆಯನ್ನು ಹುಡುಕಬಹುದು. ಹೆಸರಿನ ಕಾಗುಣಿತ ಇಲ್ಲಿ ಇನ್ನಷ್ಟು ಬಗೆಯಲ್ಲಿ ತಪ್ಪಿರುತ್ತದೆ, ‘ಮಿಸ್ ರ‍್ಯಾಂಕಿನ್’ ಜೊತೆಗೆ ‘ಅಮೆರಿಕದ ಮಾಜಿ ಸಂಸದೆ’ ಎಂಬ ಅರ್ಥದ ಪದಗಳನ್ನೂ ಹಾಕಿ. ಅವರ ಪತ್ರಸಂಗ್ರಹದ ಸೂಚಿಯಲ್ಲಿ ಪ್ರವಾಸದ ತಿಂಗಳು ಗೊತ್ತಾದರೆ, ಆ ತಿಂಗಳ ಭಾರತೀಯ ಪತ್ರಿಕೆಗಳನ್ನು ಮೈಕ್ರೊಫಿಲ್ಮ್ ಇರುವ ಗ್ರಂಥಾಲಯದಲ್ಲಿ ಕೂತು ನೋಡಬಹುದು. ಕೋಷ್ಟಕದಲ್ಲಿ ಏಳು ಪ್ರವಾಸಕ್ಕೂ ಏಳು ಖಾಲಿ ಸಾಲು ಬಿಟ್ಟುಕೊಂಡು ಶುರುಮಾಡಿ.